ಮೂಟೆ ಹೊತ್ತ ದೇವರು

ಮಕ್ಕಳ ಆತ್ಮ ಎಷ್ಟು ಬೆಳೆದಿದೆ ಎಂದು ತಿಂಗಳಿಗೊಮ್ಮೆ ಅಳೆದು ಬರೆಯುವ ಕೆಲಸಕ್ಕೆ ನನ್ನನ್ನು ಸಂಬಳ ಕೊಟ್ಟು ಇಟ್ಟುಕೊಂಡಿದ್ದರು ಎಂದರೆ ಈಗಿನವರು ನಗುತ್ತಾರೆ. ನಗಲಿ. ಆಗ ನಾನೂ ನಗುತ್ತಿದ್ದೆ. ನಗುತ್ತಲೇ ಬರೆಯುತ್ತಿದ್ದೆ, ಬರೆದು ರುಜು ಹಾಕುತ್ತಿದ್ದೆ.

ಎರಡನೆಯ ಮಹಾಯುದ್ಧ ಮುಗಿದ ಕಾಲ. ಬಳ್ಳಾರಿ ಇನ್ನೂ ಮದರಾಸಿನ ಕೈಕೆಳಗಿತ್ತು. ನಮ್ಮ ಮಿಷನ್ನಿನವರು ಮೂರು ಪ್ರಾಥಮಿಕ ಶಾಲೆ ನಡೆಸುತ್ತಿದ್ದರು, ಬಳ್ಳಾರಿಯಲ್ಲೊಂದು, ಸಿರುಗುಪ್ಪದಲ್ಲೊಂದು, ಕುರುಗೋಡಿನಲ್ಲೊಂದು. ಮೂರರ ಮೇಲ್ವಿಚಾರಣೆಯೂ ಸಮುದ್ರ ದಾಟಿ ಬಂದ ಒಬ್ಬ ದೊರೆಸಾನಿಯವರದು. ಎತ್ತರದ ಹೆಂಗಸು, ಬಿಸಿಲಿಗೆ ಮೂಗಿನ ತುದಿ ಸದಾ ಸುಲಿದಿರುತ್ತಿತ್ತು. ಮೊದಲು ಆಂಧ್ರದ ಕಡೆ ಇದ್ದು ತೆಲುಗು ಕಲಿತಿದ್ದರು. ಕನ್ನಡದಲ್ಲಿ ಒಂದು ಪ್ರಾರ್ಥನೆಯನ್ನೂ ಎರಡು ಕೀರ್ತನೆಗಳನ್ನೂ ಬಾಯಿಪಾಠ ಮಾಡಿಕೊಂಡಿದ್ದರು, ಅಷ್ಟೆ. ಹಳ್ಳಿಯವರು ಬಾಯಿ ತೆರೆದರೆ ಅವರಿಗೆ ಒಂದು ಅಕ್ಷರವೂ ತಿಳಿಯುತ್ತಿರಲಿಲ್ಲ. ಆದರೂ ತಲೆಯಾಡಿಸಿ ಮುಗುಳ್ನಗುತ್ತಿದ್ದರು. ಆಕೆ ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ನನಗೆ ಎಷ್ಟೋ ಅನುಕೂಲವಾಗುತ್ತಿತ್ತು, ತಪ್ಪನ್ನೆಲ್ಲ ಅವರ ತಲೆಗೆ ಕಟ್ಟಿ ಕೈ ತೊಳೆದುಕೊಳ್ಳುತ್ತಿದ್ದೆ.

ಆತ್ಮ ಅಳೆಯುವ ಪುಸ್ತಕ ಅವರದೇ ಕಲ್ಪನೆ. ಕಂದು ರಟ್ಟಿನ ಉದ್ದನೆಯ ರಿಜಿಸ್ಟರು. ಎಡಗಡೆ ಮಕ್ಕಳ ಹೆಸರು, ಬಲಗಡೆ ಐದು ಅಂಕಣ: ಪ್ರಾರ್ಥನೆ, ಸತ್ಯ, ದೀನತೆ, ಶುಚಿತ್ವ, ವಿಶ್ವಾಸ ಅಂದರೆ ದೇವರ ಮೇಲಿನ ನಂಬಿಕೆ. ಒಂದೊಂದಕ್ಕೂ ಹತ್ತಕ್ಕೆ ಇಷ್ಟು ಎಂದು ಅಂಕ ಹಾಕಬೇಕು. ಆರು ವರ್ಷದ ಕೂಸಿನ ದೀನತೆಗೆ ಅಂಕ! ಮೂಗು ಸೋರುವ ಹುಡುಗನಿಗೆ ಶುಚಿತ್ವದಲ್ಲಿ ಎರಡು ಹಾಕುತ್ತಿದ್ದೆವು. ನೆಗಡಿ ಬಿಟ್ಟ ತಿಂಗಳು ಅವನ ಆತ್ಮ ಏಕಾಏಕಿ ಎಂಟಕ್ಕೆ ಏರುತ್ತಿತ್ತು. ಕಣ್ಣು ಮುಚ್ಚಿ ಪ್ರಾರ್ಥನೆ ಮಾಡುವಾಗ ಯಾರು ಕಣ್ಣು ತೆರೆಯುತ್ತಾರೆ ಎಂದು ನೋಡಲು ಒಬ್ಬ ಹುಡುಗನನ್ನು ನೇಮಿಸಬೇಕಿತ್ತು. ಅವನು ವರ್ಷವಿಡೀ ಕಣ್ಣು ತೆರೆದೇ ಪ್ರಾರ್ಥನೆ ಮಾಡಿ ವರ್ಷವಿಡೀ ಹತ್ತಕ್ಕೆ ಹತ್ತು ತೆಗೆದುಕೊಳ್ಳುತ್ತಿದ್ದ.

ಉಪಾಧ್ಯಾಯಿನಿಯ ಟ್ರೇನಿಂಗ್ ಮುಗಿಸಿದ ಮೊದಲ ವರ್ಷ ನನ್ನನ್ನು ಸಿರುಗುಪ್ಪಕ್ಕೆ ಹಾಕಿದರು. ಗದ್ದೆಯ ಊರು, ಸೊಳ್ಳೆಯ ಊರು. ಅಲ್ಲಿನ ಮುಖ್ಯೋಪಾಧ್ಯಾಯರು ನಿವೃತ್ತಿಗೆ ಹತ್ತಿರವಾದ ಮುದುಕರು. ಬೈಬಲ್ಲಿನ ವಾಕ್ಯಗಳನ್ನು ಮಗ್ಗಿಯ ರಾಗದಲ್ಲಿ ಹೇಳಿಸುತ್ತಿದ್ದರು. ಮಕ್ಕಳು ಎರಡೊಂದ್ಲೆ ಎರಡು ಎಂದ ಉಸಿರಿನಲ್ಲೇ ಯೇಸುವಿನ ಪರ್ವತಪ್ರಸಂಗವನ್ನೂ ಮುಗಿಸುತ್ತಿದ್ದರು. ಜೂನ್ ತಿಂಗಳಿನ ಒಂದು ಮಧ್ಯಾಹ್ನ ಆ ಮುದುಕರು ಆತ್ಮದ ರಿಜಿಸ್ಟರನ್ನು ಮುಂದಿಟ್ಟುಕೊಂಡು ಮುಂದಿನ ಮಾರ್ಚಿಯವರೆಗೂ ಬರೆದು ಮುಗಿಸಿದ್ದನ್ನು ನಾನು ಕಣ್ಣಾರೆ ಕಂಡೆ. ಎಲ್ಲ ಮಕ್ಕಳಿಗೂ ಎಲ್ಲ ಅಂಕಣದಲ್ಲೂ ಏಳು.

"ಸಾರ್, ಇನ್ನೂ ಮಾರ್ಚಿ ಬಂದಿಲ್ಲಲ್ರಿ?" ಎಂದೆ.

"ಬರದ ಎಲ್ಲಿ ಹೋಗ್ತೈತಮ್ಮಾ?" ಎಂದರು. "ಹತ್ತು ಹಾಕಿದ್ರ ನಂಬಂಗಿಲ್ಲ. ಮೂರು ಹಾಕಿದ್ರ ಯಾಕಂತ ಕೇಳ್ತಾರ. ಏಳು ಹಾಕಿದ್ರ ದೊರೆಸಾನಿನೂ ಸುಮ್ನ, ದೇವ್ರೂ ಸುಮ್ನ."

ಇಂಥವರಿಂದಲೇ ಮಿಷನ್ ಹಾಳಾಗುತ್ತಿದೆ ಎಂದುಕೊಂಡೆ. ನನಗಾಗ ಇಪ್ಪತ್ತು ವರ್ಷ. ನಮ್ಮ ಮನೆಯವರು ತಾತನ ಕಾಲಕ್ಕೇ ಕ್ರೈಸ್ತ ಸಭೆ ಸೇರಿದವರು. ಬಳ್ಳಾರಿಯ ದಂಡಿನ ಕಡೆ ಹೆಂಚಿನ ಮನೆ, ಮನೆಯಲ್ಲೊಂದು ಹಾರ್ಮೋನಿಯಂ, ಗೋಡೆಯ ಮೇಲೆ ಇಂಗ್ಲಿಷ್ ಕ್ಯಾಲೆಂಡರು. ಹಳ್ಳಿಯಲ್ಲಿ ಹೊಸದಾಗಿ ಸಭೆಗೆ ಬಂದವರೆಂದರೆ ನನಗೆ ತಾತ್ಸಾರ. ನಿನ್ನೆ ಮೊನ್ನೆ ಕಲ್ಲಿಗೆ ಕೈ ಮುಗಿಯುತ್ತಿದ್ದವರು, ಇವರಿಗೇನು ಗೊತ್ತು ಎನ್ನುವ ಗತ್ತು. ಸಾಲದ್ದಕ್ಕೆ ನಾಲಿಗೆ ಬಲು ಚೂಪು. ಯಾರ ನಡಿಗೆ ಹೇಗೆ, ಯಾರ ಮಾತು ಹೇಗೆ ಎಂದು ಅಣಕಿಸಿ ತೋರಿಸುವುದರಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ತಿಂಗಳ ಮೊದಲ ಶನಿವಾರ ಮೂರು ಶಾಲೆಯ ಉಪಾಧ್ಯಾಯರೂ ಬಳ್ಳಾರಿಯ ಬಂಗಲೆಯಲ್ಲಿ ಸೇರಬೇಕಿತ್ತು. ದೊರೆಸಾನಿಯವರು ಬರುವ ತನಕ ಜಗಲಿಯ ಮೇಲೆ ನನ್ನದೇ ದರಬಾರು. ಸಿರುಗುಪ್ಪದ ಮುದುಕರ ಏಳನ್ನು ಅಣಕಿಸಿ ಎಲ್ಲರನ್ನೂ ನಗಿಸಿದ್ದೆ. ಅವರೂ ಕುಳಿತು ನಕ್ಕಿದ್ದರು, ಪಾಪ.

ಎರಡನೆಯ ವರ್ಷ ಕುರುಗೋಡಿಗೆ ಹಾಕಿದರು. ಅಲ್ಲಿ ಇಡೀ ಶಾಲೆಗೆ ನಾನೊಬ್ಬಳೇ. ಬಂಡೆಗುಡ್ಡದ ಕೆಳಗೆ ಕಲ್ಲುಚಪ್ಪಡಿ ಹೊದಿಸಿದ ಒಂದು ಕೋಣೆ. ಹಗಲೆಲ್ಲ ಬಂಡೆ ಕಾಯುತ್ತಿತ್ತು, ಕೋಣೆಯೊಳಗೆ ನಾವು ಬೇಯುತ್ತಿದ್ದೆವು. ಮಕ್ಕಳಲ್ಲಿ ಸಭೆಗೆ ಸೇರಿದವರು ಏಳೆಂಟು ಜನ. ಉಳಿದವರು ಹಲಗೆ ಬಳಪ ಪುಕ್ಕಟೆ ಸಿಗುತ್ತದೆಂದು ಬಂದವರು. ಕೊರಳಲ್ಲಿ ಲಿಂಗ ಕಟ್ಟಿಕೊಂಡ ಹುಡುಗನಿಗೂ, ಮಸೀದಿ ಓಣಿಯ ಹುಡುಗಿಗೂ ನಾನು ವಿಶ್ವಾಸದಲ್ಲಿ ಐದೈದು ಹಾಕುತ್ತಿದ್ದೆ. ಅವರ ಮನೆಯವರಿಗೆ ಇದು ಗೊತ್ತೇ ಇರಲಿಲ್ಲ. ಗೊತ್ತಾಗಿದ್ದರೂ ಗಣಿತ ಬಂದರೆ ಸಾಕು ಎನ್ನುತ್ತಿದ್ದರು.

ಈ ರಿಜಿಸ್ಟರು ಬರಿಯ ಹುಚ್ಚಾಟವಾಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಅದರ ಮೇಲೆ ಒಂದು ವಿಷಯ ನಿಂತಿತ್ತು. ವರ್ಷಕ್ಕೊಬ್ಬಳಂತೆ ಹಳ್ಳಿಶಾಲೆಯ ಒಬ್ಬ ಹುಡುಗಿಯನ್ನು ಬಳ್ಳಾರಿಯ ಬೋರ್ಡಿಂಗಿಗೆ ಸೇರಿಸಿಕೊಳ್ಳುತ್ತಿದ್ದರು. ಊಟ, ಬಟ್ಟೆ, ಪುಸ್ತಕ ಎಲ್ಲ ಅವರದೇ. ಅಲ್ಲಿ ಎಂಟನೆಯ ತರಗತಿ ಮುಗಿಸಿದರೆ ಟ್ರೇನಿಂಗು, ಟ್ರೇನಿಂಗು ಮುಗಿಸಿದರೆ ಉಪಾಧ್ಯಾಯಿನಿ. ಯಾರನ್ನು ಕಳಿಸಬೇಕೆಂಬುದು ಆತ್ಮದ ಅಂಕದ ಮೇಲೆ ತೀರ್ಮಾನವಾಗುತ್ತಿತ್ತು. ಕುರುಗೋಡಿನಿಂದ ಅದುವರೆಗೆ ಒಬ್ಬಳೂ ಹೋಗಿರಲಿಲ್ಲ. ನನ್ನ ಶಾಲೆಯಿಂದ ಹೋಗಲೇಬೇಕೆಂದು ನನಗೆ ಹಟ. ಆ ಹಟದಲ್ಲಿ ಮಕ್ಕಳ ಮೇಲಿನ ಪ್ರೀತಿಗಿಂತ ನನ್ನ ಹೆಸರಿನ ಆಸೆಯೇ ಹೆಚ್ಚಾಗಿತ್ತು.

ಹುಡುಗಿಯೂ ಸಿಕ್ಕಿದ್ದಳು. ಒಂಬತ್ತೋ ಹತ್ತೋ ವರ್ಷದವಳು. ಅಪ್ಪ ಅಮ್ಮ ಹೊಸಪೇಟೆಯ ಕಡೆ ಆಣೆಕಟ್ಟಿನ ಕೆಲಸಕ್ಕೆ ಹೋಗಿ ಅಲ್ಲೇ ಗುಡಿಸಲು ಹಾಕಿಕೊಂಡಿದ್ದರು. ಇವಳನ್ನು ಕೇರಿಯಲ್ಲಿ ಅಜ್ಜಿಯ ಹತ್ತಿರ ಬಿಟ್ಟಿದ್ದರು. ಅಜ್ಜಿ ಗುಡ್ಡದಿಂದ ಕಟ್ಟಿಗೆ ಹೊರೆ ತಂದು ಮಾರುವವಳು. ಹೊತ್ತು ಹೊತ್ತು ಕುತ್ತಿಗೆ ಭುಜದೊಳಗೆ ಇಳಿದುಹೋಗಿತ್ತು. ಆ ಹುಡುಗಿ ಒಮ್ಮೆ ಕೇಳಿದ್ದನ್ನು ಮರೆಯುತ್ತಿರಲಿಲ್ಲ. ವಾಕ್ಯಗಳನ್ನು ಹೇಳುವಾಗ ಮಿಕ್ಕವರಂತೆ ತೂಗಾಡುತ್ತಿರಲಿಲ್ಲ, ಪಕ್ಕದ ಮನೆಯಲ್ಲಿ ನಡೆದ ಸುದ್ದಿಯನ್ನು ಹೇಳುವಂತೆ ಹೇಳುತ್ತಿದ್ದಳು. ನಡುವೆ ನಿಲ್ಲಿಸಿ ಪ್ರಶ್ನೆಯನ್ನೂ ಕೇಳುತ್ತಿದ್ದಳು. "ಅಕ್ಕೋರೆ, ಯೇಸಪ್ಪ ಹಂಚಿದ ಐದು ರೊಟ್ಟಿಯೊಳಗ ಅಷ್ಟೂ ಮಂದಿ ಉಂಡ್ರಂತಲ್ರೀ, ಆ ರೊಟ್ಟಿ ಬಡದ ಹೆಣ್ಮಗಳು ಉಂಡ್ಲೇನ್ರಿ?" ಸುಮ್ಮನೆ ಕೂಡು ಎಂದು ಗದರಿದ್ದೆ. ಆದರೂ ಅವಳ ಅಂಕಕ್ಕೆ ನಾನು ಕೈ ಬಿಗಿ ಮಾಡಲಿಲ್ಲ.

ಈಗ ಕಾರ್ಡಿನ ವಿಷಯಕ್ಕೆ ಬರುತ್ತೇನೆ. ಯುದ್ಧದ ಕಾಲದಲ್ಲಿ ನಿಂತಿದ್ದ ಮರದ ಪೆಟ್ಟಿಗೆಗಳು ಮತ್ತೆ ಹಡಗಿನಲ್ಲಿ ಬರತೊಡಗಿದ್ದವು. ಪೆಟ್ಟಿಗೆಯ ತುಂಬ ಅಲ್ಲಿನವರು ಒಬ್ಬರಿಗೊಬ್ಬರು ಕಳಿಸಿಕೊಂಡು ಮುಗಿದ ಕ್ರಿಸ್ಮಸ್ ಕಾರ್ಡುಗಳು. ತಾವು ಬಳಸಿ ಬಿಸಾಡುವುದನ್ನು ಇಲ್ಲಿನ ಮಕ್ಕಳ ಆತ್ಮದ ಏಳಿಗೆಗೆ ಕಳಿಸುತ್ತಿದ್ದರು. ಮಕ್ಕಳು ಇಪ್ಪತ್ತು ವಾಕ್ಯ ಬಾಯಿಪಾಠ ಒಪ್ಪಿಸಿದರೆ ಒಂದು ಕಾರ್ಡು ಬಹುಮಾನ. ಅಲ್ಲಿನವರ ಕೈಬರಹ ಕಾಣದಂತೆ ಹಿಂದೆ ಬಿಳಿ ಕಾಗದ ಅಂಟಿಸಿ, ಅದರ ಮೇಲೆ ನಾವೊಂದು ವಾಕ್ಯ ಬರೆಯಬೇಕಿತ್ತು.

ಹಿಮ ಬಿದ್ದ ಮನೆಗಳ ಚಿತ್ರವೇ ಹೆಚ್ಚು. ಕುರುಗೋಡಿನ ಮಕ್ಕಳಿಗೆ ಹಿಮ ಎಲ್ಲಿಂದ ಗೊತ್ತಾಗಬೇಕು? "ಅಕ್ಕೋರೆ, ಅವ್ರ ಊರಾಗ ಹತ್ತಿ ಮನಿ ಮಾಳಿಗಿ ಮ್ಯಾಲೂ ಬೆಳಿತೈತೇನ್ರಿ?" ಎಂದು ಕೇಳಿದ್ದರು. ನಮ್ಮ ಕಡೆ ಬಿಳಿಯದು ಅಷ್ಟು ಹರಡಿ ಬಿದ್ದಿರುವುದೆಂದರೆ ಬಿಡಿಸಿದ ಹತ್ತಿ ಒಂದೇ. ಇದನ್ನೂ ನಾನು ಜಗಲಿಯ ಮೇಲೆ ಹೇಳಿ ನಗಿಸಿದೆ.

ಪೆಟ್ಟಿಗೆ ಬಂದಾಗ ಮೊದಲು ಆರಿಸುವ ಕೆಲಸ. ಲೌಕಿಕ ಚಿತ್ರಗಳನ್ನು ತೆಗೆದು ಕಸದ ಬುಟ್ಟಿಗೆ ಹಾಕಬೇಕೆಂದು ದೊರೆಸಾನಿಯವರ ಕಟ್ಟಪ್ಪಣೆ. ನಾಯಿ, ಬೆಕ್ಕು, ಕುಣಿಯುವ ಜೋಡಿ, ಮದ್ಯದ ಲೋಟ, ಆಮೇಲೆ ಆ ಡೊಳ್ಳುಹೊಟ್ಟೆಯ ಕೆಂಪು ನಿಲುವಂಗಿಯ ಮುದುಕ. ಚಳಿಗಾಲದಲ್ಲಿ ಆಟಿಕೆಯ ಮೂಟೆ ಹೊತ್ತು ಮನೆಮನೆಗೆ ಬರುತ್ತಾನೆಂದು ಅಲ್ಲಿನವರು ಮಕ್ಕಳಿಗೆ ಹೇಳುವ ಕಥೆಯ ಮುದುಕ ಅವನು. ಬೈಬಲ್ಲಿಗೂ ಅವನಿಗೂ ಸಂಬಂಧವಿಲ್ಲ. ಆ ವರ್ಷ ನನಗೆ ಹದಿನೆಂಟು ಕಾರ್ಡು ಬೇಕಿತ್ತು, ನನ್ನ ಪಾಲಿಗೆ ಬಂದದ್ದು ಹದಿನೇಳು. ಯಾರೂ ನೋಡದಾಗ ಕಸದ ಬುಟ್ಟಿಯಿಂದ ಒಂದನ್ನು ಎತ್ತಿ ಕಟ್ಟಿನೊಳಗೆ ಸೇರಿಸಿದೆ. ಕೆಂಪು ನಿಲುವಂಗಿ, ಎದೆಯವರೆಗೆ ಬಿಳಿ ಗಡ್ಡ, ಬೆನ್ನು ಬಾಗಿಸುವಷ್ಟು ದೊಡ್ಡ ಮೂಟೆ. ಹಿಂದೆ ಕಾಗದ ಅಂಟಿಸಿ, ಸರದಿಯಲ್ಲಿ ಯಾವುದು ಬಂತೋ ಆ ವಾಕ್ಯ ಬರೆದೆ. ಸರದಿಯಲ್ಲಿ ಬಂದದ್ದು, ದುಡಿದು ದಣಿದವರನ್ನೂ ಹೊರೆ ಹೊತ್ತವರನ್ನೂ ಯೇಸು ತನ್ನ ಹತ್ತಿರ ಕರೆಯುವ ವಾಕ್ಯ.

ಆ ಕಾರ್ಡು ಆ ಹುಡುಗಿಗೇ ಹೋಯಿತು. ಬೇಕೆಂದು ಕೊಟ್ಟದ್ದಲ್ಲ, ಅವಳ ಸರದಿಗೆ ಅದು ಬಂತು. ತಿರುಗಿಸಿ ಮುರುಗಿಸಿ ನೋಡಿ, "ಈತ ಯಾರ್ರೀ ಅಕ್ಕೋರೆ?" ಎಂದು ಕೇಳಿದಳು. ನನಗೆ ಹಾಜರಿ ಬರೆಯುವ ಗಡಿಬಿಡಿ. ತಲೆ ಎತ್ತದೆ ಹೇಳಿದೆ: "ಹಿಂದ ಬರದೀನಲ್ಲ, ಓದ್ಕೋ."

ಓದಿಕೊಂಡಳು. ಮನೆಗೆ ಹೋಗಿ ಅಜ್ಜಿಗೂ ಓದಿ ಹೇಳಿದಳು.

ಮಕ್ಕಳ ಮನೆಗಳಿಗೆ ಹೋಗಿ ಅಲ್ಲಿನ ಆತ್ಮಿಕ ವಾತಾವರಣ ಹೇಗಿದೆ ಎಂದು ನೋಡಿ ಬರುವುದೂ ನಮ್ಮ ಕೆಲಸಗಳಲ್ಲಿ ಒಂದು. ವಾತಾವರಣ ಏನಿರುತ್ತದೆ, ಹೊಗೆ ಇರುತ್ತದೆ. ಸಂಕ್ರಾಂತಿ ಕಳೆದ ಮೇಲೆ ಒಂದು ಸಂಜೆ ಆ ಹುಡುಗಿಯ ಮನೆಗೆ ಹೋದೆ. ಬಗ್ಗಿ ಒಳಗೆ ಹೋದರೆ ಎದುರು ಗೋಡೆಯಲ್ಲಿ ಒಂದು ಗೂಡು. ಮೊದಲು ಅದರಲ್ಲಿ ಅವರ ದೇವತೆಯ ಕಲ್ಲುಗಳಿದ್ದವಂತೆ. ಸಭೆ ಸೇರಿಸಿಕೊಂಡ ದಿನ ಪಾದ್ರಿಗಳು ತಾವೇ ನಿಂತು ಅವನ್ನು ಹಳ್ಳಕ್ಕೆ ಹಾಕಿಸಿದ್ದರು. ಎರಡು ವರ್ಷ ಗೂಡು ಖಾಲಿ ಇತ್ತು. ಈಗ ಅದರಲ್ಲಿ ನನ್ನ ಕಾರ್ಡು ನಿಂತಿತ್ತು. ಮುದುಕನ ಹಣೆಗೆ ಅರಿಶಿಣ, ಅದರ ನಡುವೆ ಕುಂಕುಮ. ಮುಂದೆ ಒಂದು ಚೂರು ಬೆಲ್ಲ, ಒಡೆದ ಹಂಚಿನ ಮೇಲೆ ಕೆಂಡ, ಕೆಂಡದಲ್ಲಿ ಲೋಬಾನ.

ನಗು ತಡೆಯಲು ನಾಲಿಗೆ ಕಚ್ಚಿಕೊಂಡೆ. ಅಜ್ಜಿಗೆ ನನ್ನನ್ನು ನೋಡಿ ಸಂಭ್ರಮ. ಗೋಣಿಚೀಲ ಹಾಸಿ ಕೂಡಿಸಿದಳು.

"ನೋಡ್ರಿ ಅಕ್ಕೋರೆ, ನೀವು ಕೊಟ್ಟ ಯೇಸಪ್ಪ," ಎಂದಳು. "ಇಷ್ಟ್ ದಿನ ಪಾದ್ರಿಗಳು ಹೇಳ್ತಿದ್ರು, ನಿನ್ನ ಭಾರ ಆತ ಹೊರತಾನ ಅಂತ. ನಾನು ನಂಬಿದ್ದಿಲ್ಲ ಬಿಡ್ರಿ. ದೇವ್ರು ಅಂದ ಮ್ಯಾಲೆ ಮಂದಿ ಆತನ್ನ ಹೊರತಾರ, ಆತ ಯಾರನ್ನ ಹೊರತಾನ? ಈಗ ನೋಡಿದ್ರ ಖರೇನ ಹೊತ್ತಾನ. ಮುದುಕಾಗ್ಯಾನ, ಬೆನ್ನು ಬಾಗೈತಿ, ಆದ್ರೂ ಮೂಟಿ ಇಳಿಸಿಲ್ಲ. ಗುಡ್ಡ ಇಳಿಯೋ ಮುಂದ ಕಾಲು ನಡುಗಿದ್ರ ಈತನ್ನ ನೆನಸ್ಕೊಂತೀನಿ."

ಹೇಳಿ ಆ ಬೆಲ್ಲದ ಚೂರನ್ನು ನನ್ನ ಅಂಗೈಯಲ್ಲಿ ಇಟ್ಟಳು. ಓಣಿ ತಿರುಗಿದ ಮೇಲೆ ಅದನ್ನು ನಾಯಿಗೆ ಎಸೆದು, ಸೀರೆಯ ಸೆರಗು ಬಾಯಿಗೆ ಒತ್ತಿಕೊಂಡು ಮನಸಾರೆ ನಕ್ಕೆ. ಆ ಬಾಗಿದ ಹೆಂಗಸು ಹೇಳಿದ್ದು ಆ ವರ್ಷ ಮೂರು ಶಾಲೆಗಳಲ್ಲಿ ಯಾರೇ ಆಡಿದ್ದಕ್ಕಿಂತ ಹೆಚ್ಚಿನ ವಿಶ್ವಾಸದ ಮಾತು ಎಂದು ನನಗೆ ಹೊಳೆಯಲೇ ಇಲ್ಲ. ಹೊಳೆದಿದ್ದರೆ ಹತ್ತಕ್ಕೆ ಎಷ್ಟು ಎಂದು ಬರೆಯುತ್ತಿದ್ದೆನೋ! ಹುಡುಗಿಗೆ ಮಾತ್ರ ಎಂದಿನಂತೆ ವಿಶ್ವಾಸದಲ್ಲಿ ಒಂಬತ್ತು ಹಾಕಿದೆ. ಬೋರ್ಡಿಂಗು ಅವಳಿಗೇ ಎಂದು ಬಹುಮಟ್ಟಿಗೆ ಖಚಿತವಾಗಿತ್ತು. ಅಜ್ಜಿ ಅಷ್ಟರಲ್ಲೇ ಮೊಮ್ಮಗಳಿಗೆಂದು ಸಂತೆಯಲ್ಲಿ ಒಂದು ತಗಡಿನ ತಟ್ಟೆ ತಂದಿಟ್ಟಿದ್ದಳು.

ಮುಂದಿನ ಶನಿವಾರ ಬಳ್ಳಾರಿಯ ಜಗಲಿಯ ಮೇಲೆ ನಾನು ಸುಮ್ಮನಿದ್ದಿದ್ದರೆ ಆಗಿತ್ತು. ಇರಲಾಗಲಿಲ್ಲ. ನನ್ನ ಜನ್ಮದಲ್ಲೇ ಅಷ್ಟು ಚೆನ್ನಾದ ಕಥೆ ನನ್ನ ಕೈಗೆ ಸಿಕ್ಕಿರಲಿಲ್ಲ. ಕುತ್ತಿಗೆ ಭುಜದೊಳಗೆ ಇಳಿಸಿ, ಬೆನ್ನು ಬಗ್ಗಿಸಿ, ಅಜ್ಜಿಯ ದನಿಯಲ್ಲೇ "ಖರೇನ ಹೊತ್ತಾನ" ಎಂದೆ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಪಾದ್ರಿಗಳ ಹೆಂಡತಿಗೆ ಬಿಕ್ಕಳಿಕೆ ಬಂತು. ಸಿರುಗುಪ್ಪದ ಮುದುಕರೊಬ್ಬರೇ ನಗಲಿಲ್ಲ. ಮೆಲ್ಲಗೆ ನನ್ನ ಕಡೆ ಬಾಗಿ, "ಸಾಕು ಬಿಡಮ್ಮಾ, ಒಳಗ ಕೇಳಿಸ್ತೈತಿ," ಎಂದರು.

ಒಳಗೆ ಕೇಳಿಸಿತ್ತು. ದೊರೆಸಾನಿಯವರು ಬಾಗಿಲಿಗೆ ಬಂದು ಏನದು ನಗು, ನನಗೂ ಹೇಳಿ ಎಂದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಚಿಕ್ಕಂದಿನಿಂದ ಕೇಳಿದ್ದೆ. ಆದರೂ ಬಾಯಿ ತೆರೆದೆ. ಅಲ್ಲಿದ್ದವರಲ್ಲಿ ನನಗಿದ್ದಷ್ಟು ಇಂಗ್ಲಿಷ್ ಯಾರಿಗೂ ಇರಲಿಲ್ಲ, ಅದನ್ನು ತೋರಿಸುವ ಚಪಲ ಬೇರೆ. ಇನ್ನಷ್ಟು ಉಪ್ಪು ಕಾರ ಹಚ್ಚಿ ಮೊದಲಿನಿಂದ ಹೇಳಿದೆ. ದೊರೆಸಾನಿಯವರು ಕಣ್ಣಲ್ಲಿ ನೀರು ಬರುವಂತೆ ನಕ್ಕರು. ಕರವಸ್ತ್ರ ತೆಗೆದು ಕಣ್ಣು ಒರೆಸಿಕೊಂಡರು. ಒರೆಸಿಕೊಂಡು ಮುಗಿಯುವಷ್ಟರಲ್ಲಿ ಅವರ ಮುಖ ಬದಲಾಗಿತ್ತು.

"ಆ ಮಗು ಯಾವುದು?" ಎಂದರು. ಹೇಳಿದೆ. ರಿಜಿಸ್ಟರು ತರಿಸಿದರು. ವಿಶ್ವಾಸದ ಅಂಕಣದ ಮೇಲೆ ಬೆರಳಿಟ್ಟರು. "ಗೂಡಿನಲ್ಲಿ ಚಿತ್ರ ಇಟ್ಟು ಪೂಜೆ ಮಾಡುವ ಮನೆಯ ಮಗುವಿಗೆ ಒಂಬತ್ತೇ?"

ನಾನು ಆ ಬೆರಳನ್ನೇ ನೋಡುತ್ತಿದ್ದೆ.

"ಆ ಚಿತ್ರ ಅವರ ಕೈಗೆ ಹೇಗೆ ಹೋಯಿತು? ಅಂಥವನ್ನು ತೆಗೆದುಹಾಕಲು ಹೇಳಿದ್ದೆನಲ್ಲ?"

ಒಂದು ಮಾತು ಸಾಕಿತ್ತು. ಬುಟ್ಟಿಯಿಂದ ಎತ್ತಿಕೊಂಡವಳು ನಾನು, ಹಿಂದೆ ವಾಕ್ಯ ಬರೆದವಳು ನಾನು, ಇವನು ಯಾರೆಂದು ಕೇಳಿದ ಮಗುವಿಗೆ ಹಿಂದೆ ಓದಿಕೋ ಎಂದವಳು ನಾನು. ಹಿಂದಿನ ವರ್ಷವಷ್ಟೇ ಬಳ್ಳಾರಿ ಶಾಲೆಯ ಒಬ್ಬ ಉಪಾಧ್ಯಾಯರನ್ನು ಇದಕ್ಕಿಂತ ಚಿಕ್ಕ ಅವಿಧೇಯತೆಗೆ ಕೆಲಸದಿಂದ ತೆಗೆದಿದ್ದರು.

"ಗೊತ್ತಿಲ್ಲ ಮೇಡಂ. ಯಾರಾದರೂ ಕೊಟ್ಟಿರಬೇಕು," ಎಂದೆ.

ಅವರು ಕೆಂಪು ಮಸಿಯ ಪೆನ್ನು ತೆಗೆದು ಒಂಬತ್ತನ್ನು ಹೊಡೆದು ಪಕ್ಕದಲ್ಲಿ ಸೊನ್ನೆ ಬರೆದರು. ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವ ಜಾತಿ. ಹೋಗಿ ಆ ಅಜ್ಜಿಯನ್ನು ಒಂದು ಮಾತು ಕೇಳೋಣ ಎನ್ನಿಸಲಿಲ್ಲ. ಆ ವರ್ಷದ ಬೋರ್ಡಿಂಗು ಸಿರುಗುಪ್ಪದ ಒಬ್ಬ ಹುಡುಗಿಗೆ ಹೋಯಿತು. ಐದು ಅಂಕಣದಲ್ಲೂ ಏಳು. ಮುದುಕರು ಮುಖ ತಗ್ಗಿಸಿ ಕುಳಿತಿದ್ದರು. ಅವರ ಏಳುಗಳಿಂದ ಯಾವ ಮಗುವೂ ಕೆಟ್ಟಿರಲಿಲ್ಲ ಎಂದು ಅವತ್ತು ಮೊದಲ ಬಾರಿ ನನಗೆ ಅನ್ನಿಸಿತು. ದೊರೆಸಾನಿಯವರು ಈ ಕಥೆಯನ್ನು ತಮ್ಮ ದೇಶದ ಸಭೆಯವರಿಗೆ ಬರೆದರು, ಅದು ಅಲ್ಲಿನ ಪತ್ರಿಕೆಯಲ್ಲಿ ಅಚ್ಚಾಯಿತು. ಓದಿದವರು ಇಲ್ಲಿನ ಅಜ್ಞಾನಕ್ಕೆ ಮರುಗಿ ಮುಂದಿನ ವರ್ಷ ಒಂದರ ಬದಲು ಎರಡು ಪೆಟ್ಟಿಗೆ ಕಾರ್ಡು ಕಳಿಸಿದರು.

ಗೂಡು ಶುದ್ಧಿ ಮಾಡಲು ಪಾದ್ರಿಗಳು ಕುರುಗೋಡಿಗೆ ಬಂದರು. ಜೊತೆಗೆ ನಾನೂ ಹೋಗಬೇಕಾಯಿತು. ಪ್ರಾರ್ಥನೆ ಮಾಡಿ, ಕಾರ್ಡನ್ನು ಗೂಡಿನಿಂದ ತೆಗೆದು ಅಂಗಳದಲ್ಲಿ ಸುಟ್ಟರು. ನನ್ನ ಕೈಬರಹ ಸುರುಟಿಕೊಂಡು ಕಪ್ಪಾಗುವುದನ್ನು ನೋಡಿ ಎದೆ ಹಗುರಾಯಿತು. ಸುಳ್ಳೇಕೆ ಹೇಳಲಿ, ಹಗುರಾಯಿತು. ಅಜ್ಜಿ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ತಾನು ಮಾಡಿದ್ದೇನೆಂದು ಅವಳಿಗೆ ತಿಳಿಯಲಿಲ್ಲ.

ಹುಡುಗಿ ನನ್ನ ಹಿಂದೆ ಓಣಿಯವರೆಗೆ ಬಂದಳು. "ಅಕ್ಕೋರೆ, ನಾನು ಬಳ್ಳಾರಿಗೆ ಹೋಗಂಗಿಲ್ಲೇನ್ರಿ?"

"ಇಲ್ಲ."

"ಯಾಕ್ರೀ? ನಾನೇನ್ ತಪ್ಪ್ ಮಾಡೀನಿ?"

"ನೀನಲ್ಲ. ನಿಮ್ಮಜ್ಜಿ ಮಾಡ್ಯಾಳ," ಎಂದು ಹೇಳಿ ಬೇಗ ಬೇಗ ನಡೆದೆ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎನ್ನುತ್ತಾರೆ. ನಾನು ಬೆಕ್ಕಿಗಿಂತ ಕಡೆ. ಬೆಕ್ಕು ತಾನು ಹಿಡಿದ ಇಲಿಯ ತಪ್ಪನ್ನು ಅದರ ಅಜ್ಜಿಯ ಮೇಲೆ ಹೊರಿಸುವುದಿಲ್ಲ.

ಆ ಮಾತು ಮನೆಯಲ್ಲಿ ಏನು ಮಾಡಿತೆಂದು ಆಮೇಲೆ ಕೇರಿಯವರಿಂದ ತಿಳಿಯಿತು. ಹುಡುಗಿ ಅಜ್ಜಿಯ ಜೊತೆ ಮಾತು ಬಿಟ್ಟಿದ್ದಳು. ಅಜ್ಜಿ ಬಡಿದ ರೊಟ್ಟಿ ಮುಟ್ಟದೆ ಪಕ್ಕದ ಮನೆಯಲ್ಲಿ ಗಂಜಿ ಕುಡಿಯುತ್ತಿದ್ದಳು.

ಮೇ ತಿಂಗಳ ಶನಿವಾರ. ಬಂಗಲೆಯ ಜಗಲಿಯ ಮೇಲೆ ನಾವು ಸೇರಿದ್ದೆವು. ಗೇಟಿನ ಹತ್ತಿರ ಇಬ್ಬರು ಬಂದು ನಿಂತರು. ಅಜ್ಜಿ, ಮೊಮ್ಮಗಳು. ಕುರುಗೋಡಿನಿಂದ ನಸುಕಿನಲ್ಲೇ ಎದ್ದು ಆ ಬಿಸಿಲಲ್ಲಿ ನಡೆದು ಬಂದಿದ್ದರು. ಬಂಗಲೆ ಎಲ್ಲೆಂದು ತಿಳಿಯದೆ ಬ್ರೂಸ್‌ಪೇಟೆಯ ಅಂಗಡಿ ಅಂಗಡಿಯಲ್ಲಿ ಕೇಳಿದ್ದರಂತೆ. ಹುಡುಗಿ ತಲೆಗೆ ಎಣ್ಣೆ ಹಚ್ಚಿ ಬಿಗಿದು ಜಡೆ ಹಾಕಿಕೊಂಡಿದ್ದಳು. ಕಂಕುಳಲ್ಲಿ ಬಟ್ಟೆಯ ಗಂಟು, ಗಂಟಿನಿಂದ ತಗಡಿನ ತಟ್ಟೆಯ ಅಂಚು ಹೊರಗೆ ಕಾಣುತ್ತಿತ್ತು. ಇಟ್ಟುಕೊಳ್ಳುತ್ತಾರೆ, ಇವತ್ತೇ ಬಿಟ್ಟು ಹೋಗೋಣ ಎಂದುಕೊಂಡೇ ಬಂದಿದ್ದರು.

ದೊರೆಸಾನಿಯವರು ಅವರನ್ನು ಮೆಟ್ಟಿಲ ಹತ್ತಿರ ಕರೆಸಿದರು. ಅಜ್ಜಿಯ ಮಾತು ಅವರಿಗೆ ತಿಳಿಯದು. "ನೀನು ಬಾ, ಇವಳು ಹೇಳುವುದನ್ನು ನನಗೆ ಹೇಳು," ಎಂದು ನನ್ನನ್ನು ಕರೆದರು.

ಅಜ್ಜಿ ಕೈ ಮುಗಿದಳು. ದಾರಿಯುದ್ದಕ್ಕೂ ಮನಸ್ಸಿನಲ್ಲೇ ಜೋಡಿಸಿಕೊಂಡು ಬಂದಿದ್ದಳೆಂದು ಕಾಣುತ್ತದೆ, ಎಲ್ಲೂ ತಡವರಿಸಲಿಲ್ಲ.

"ತಾಯೀ, ತಪ್ಪು ನಂದರಿ. ನನಗ ಓದಾಕ ಬರಂಗಿಲ್ಲ. ಹಿಂದ ಬರದಿದ್ದು ಕೂಸು ಓದಿ ಹೇಳಿತು, ಹೊರಿ ಹೊತ್ತೋರೆಲ್ಲ ನನ್ನ ಕಡಿ ಬರ್ರಿ ಅಂತಾನ ಯೇಸಪ್ಪ ಅಂತ. ಬರದು ಕೊಟ್ಟೋರು ನಮ್ಮ ಅಕ್ಕೋರು. ಈತ ಯಾರ್ರೀ ಅಂತ ಕೂಸು ಕೇಳಿದ್ರ, ಹಿಂದ ಓದ್ಕೋ ಅಂದ್ರಂತ. ಮುಂದ ತಿರುವಿ ನೋಡಿದ್ರ ಮೂಟಿ ಹೊತ್ತಾತ ನಿಂತಾನ. ನಾನು ಬ್ಯಾರೆ ಯಾರಂತ ತಿಳ್ಕೋಬೇಕಿತ್ರೀ? ಬೇಕಾದ್ರ ಅಕ್ಕೋರನ್ನ ಕೇಳ್ರಿ, ಇಲ್ಲೇ ಅದಾರ. ನನ್ನ ಸಭೆ ಬಿಡಿಸಿ ಹೊರಗ ಹಾಕ್ರಿ, ಬ್ಯಾಡನ್ನಂಗಿಲ್ಲ. ಕೂಸಿನ್ನ ಒಳಗ ಇಟ್ಕೋರಿ."

ನನ್ನ ಮೇಲೆ ಅವಳಿಗೆ ಸಿಟ್ಟಿರಲಿಲ್ಲ. ದೂರು ಹೇಳುತ್ತಿಲ್ಲ, ಸಾಕ್ಷಿಗೆ ಕರೆಯುತ್ತಿದ್ದಾಳೆ. ಅಕ್ಕೋರು ಇಲ್ಲೇ ಇದ್ದಾರೆ, ಇನ್ನೇನು ಹೇಳಿಬಿಡುತ್ತಾರೆ ಎನ್ನುವ ಧೈರ್ಯದಲ್ಲಿ ನನ್ನ ಕಡೆ ತಿರುಗಿ ನಿಂತಿದ್ದಳು. ಜಗಲಿಯ ಮೇಲಿದ್ದವರಿಗೆಲ್ಲ ಆ ಮಾತು ತಿಳಿಯಿತು. ಪಾದ್ರಿಗಳು ಮರದ ಕಡೆ ನೋಡತೊಡಗಿದರು. ಅವರ ಹೆಂಡತಿ ಸೆರಗು ಸರಿಮಾಡಿಕೊಂಡರು. ಸಿರುಗುಪ್ಪದ ಮುದುಕರು ಮಾತ್ರ ನನ್ನನ್ನೇ ನೋಡುತ್ತಿದ್ದರು. ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ.

ದೊರೆಸಾನಿಯವರು, "ಏನೆನ್ನುತ್ತಾಳೆ?" ಎಂದರು.

"ತಾನು ಪಾಪ ಮಾಡಿದ್ದೇನೆ ಎನ್ನುತ್ತಾಳೆ ಮೇಡಂ. ಕ್ಷಮಿಸಬೇಕಂತೆ."

"ತುಂಬಾ ಹೊತ್ತು ಮಾತಾಡಿದಳಲ್ಲ?"

"ಹಳ್ಳಿಯವರು ಮೇಡಂ. ಹೇಳಿದ್ದನ್ನೇ ಹೇಳುತ್ತಾರೆ."

ದೊರೆಸಾನಿಯವರ ಕಣ್ಣು ತುಂಬಿತು. ಮೆಟ್ಟಿಲಿಳಿದು ಅಜ್ಜಿಯ ತಲೆಯ ಮೇಲೆ ಕೈಯಿಟ್ಟು ತಮಗೆ ಬರುತ್ತಿದ್ದ ಆ ಒಂದು ಕನ್ನಡ ಪ್ರಾರ್ಥನೆ ಹೇಳಿದರು. ಆಮೇಲೆ ನನ್ನ ಕಡೆ ನೋಡಿ, ದೇವರು ಅವಳನ್ನು ಕ್ಷಮಿಸಿದ್ದಾನೆ, ಆದರೆ ಈ ವರ್ಷದ ಜಾಗ ಕೊಟ್ಟಾಗಿದೆ ಎಂದು ತಿಳಿಸು ಎಂದರು.

ತಿಳಿಸಿದೆ. ಅಜ್ಜಿ ಇನ್ನೂ ಕೈ ಮುಗಿದೇ ನಿಂತಿದ್ದಳು. ಹುಡುಗಿ ಗಂಟನ್ನು ಒಂದು ಕಂಕುಳಿನಿಂದ ಇನ್ನೊಂದಕ್ಕೆ ಬದಲಿಸಿಕೊಂಡಳು. ನಾನು ಗೇಟಿನವರೆಗೆ ಅವರ ಜೊತೆ ಹೋದೆ. ಯಾಕೆ ಹೋದೆನೋ ಗೊತ್ತಿಲ್ಲ.

"ಅಕ್ಕೋರೆ," ಎಂದು ಹುಡುಗಿ ಕೇಳಿದಳು, "ಅಜ್ಜಿ ಹೇಳಿದ್ದೆಲ್ಲಾ ಇಂಗ್ಲೀಷಿನ್ಯಾಗ ಹೇಳಿದ್ರಿಲ್ಲ?"

"ಎಲ್ಲಾ ಹೇಳಿದೆ."

"ನೀವು ಬರದು ಕೊಟ್ಟಿದ್ದೂ?"

"ಅದನ್ನೂ ಹೇಳಿದೆ."

ಅಷ್ಟೂ ಕೇಳಿದ ಮೇಲೂ ದೊರೆಸಾನಿ ಒಲ್ಲೆ ಅಂದರೆ ಇನ್ನು ಯಾರ ತಪ್ಪೂ ಇಲ್ಲ ಎಂದು ಹುಡುಗಿಗೆ ತೋರಿರಬೇಕು. ತಿಂಗಳುಗಟ್ಟಲೆ ಮಾತಾಡಿಸದಿದ್ದ ಅಜ್ಜಿಯ ಕೈ ಹಿಡಿದುಕೊಂಡಳು.

"ನಡಿ ಅಜ್ಜಿ," ಎಂದಳು. "ಅಕ್ಕೋರು ನಮ್ಮ ಕಡಿಂದ ಎಲ್ಲಾ ಹೇಳ್ಯಾರ. ಇನ್ನೇನ್ ಮಾಡಾಕಾಗ್ತೈತಿ."

ಜೂನಿನಲ್ಲಿ ಶಾಲೆ ತೆರೆದಾಗ ಆ ಹುಡುಗಿ ಬರಲಿಲ್ಲ. ಅಪ್ಪ ಅಮ್ಮನ ಹತ್ತಿರ ಆಣೆಕಟ್ಟಿಗೆ ಕಲ್ಲು ಹೊರಲು ಹೋಗಿದ್ದಳು. ಅವತ್ತು ಗೇಟಿನ ಹೊರಗೆ ನಾಲ್ಕು ಹೆಜ್ಜೆ ಹೋದ ಮೇಲೆ ಅಜ್ಜಿ ಒಬ್ಬಳೇ ಹಿಂದಕ್ಕೆ ಬಂದಿದ್ದಳು. ಏನಾದರೂ ಮರೆತಳೇನೋ ಎಂದುಕೊಂಡೆ. ನನ್ನ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡು, "ನೀವಾದ್ರೂ ನಮ್ಮ ಪರವಾಗಿ ಒಂದ್ ಮಾತು ಆಡಿದ್ರೆವ್ವಾ, ನಿಮ್ಮ ಹೊಟ್ಟಿ ತಣ್ಣಗಿರ್ಲಿ," ಎಂದು ಹೇಳಿ ಹೋದಳು.